ಮುಟ್ಟದಿರುವುದಕ್ಕಿಂತ ಕಡಿಮೆ ಮುಟ್ಟುವುದು

ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆ ಗೆದ್ದವಳಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿನವರು ಸುಮ್ಮನಾದರು ಅಂದರೆ ನಾನು ಹೇಳಿದ್ದು ನಿಜ ಎಂದುಕೊಳ್ಳುವ ಕಾಯಿಲೆ. ಅದು ಸಾಕಷ್ಟು ಬಲಿತಿದ್ದಾಗಲೇ ನನಗೆ ಆಸ್ಟಿನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿತು. ವೀಸಾ ಅರ್ಜಿಯಲ್ಲಿ ಕಾಯಿಲೆಗಳ ಪಟ್ಟಿಯೇ ಇತ್ತು. ಇದೊಂದನ್ನು ಸೇರಿಸಲು ಮರೆತಿದ್ದರು.

ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದ್ದು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ. ಎಲ್‌ಬಿಜೆ ಫ್ರೀವೇಯ ಸದ್ದು ದಿನವಿಡೀ ಕೇಳುವ ಆಫೀಸ್ ಪಾರ್ಕ್. ಎಡಗಡೆ ಹಲ್ಲಿನ ಡಾಕ್ಟರು, ಬಲಗಡೆ ಇನ್ಶೂರೆನ್ಸ್ ಏಜೆಂಟು, ನಡುವೆ ಎರಡು ಕೋಣೆಗಳ ನಮ್ಮ ಕಂಪನಿ. ಕಂಪನಿ ಅಂದರೆ ಅಂಕಲ್, ನಾನು, ಒಂದು ಕಾಫಿ ಫಿಲ್ಟರ್. ಮೂವರಲ್ಲಿ ಹೇಳಿದ ಹೊತ್ತಿಗೆ ಕೆಲಸ ಮುಗಿಸುತ್ತಿದ್ದದ್ದು ಫಿಲ್ಟರ್ ಒಂದೇ.

ಅಂಕಲ್ ಮೈಸೂರಿನವರೇ. ಇಪ್ಪತ್ತು ವರ್ಷ ಯಾರದ್ದೋ ಮೈಕ್ರೊವೇವ್‌ಗಳಿಗೆ ಗುಂಡಿ ಮಾಡಿಕೊಟ್ಟು ಸಾಕಾಗಿ, ಸ್ವಂತಕ್ಕೆ ಏನಾದರೂ ಮಾಡಬೇಕೆಂದು ಹೊರಟು, ಕೊನೆಗೆ ಮತ್ತೆ ಗುಂಡಿಯನ್ನೇ ಮಾಡಲು ಕೂತವರು. ಈ ಸಲ ಗ್ರೈಂಡರಿಗೆ. ದೋಸೆಹಿಟ್ಟು ರುಬ್ಬುವ ದೊಡ್ಡ ವೆಟ್ ಗ್ರೈಂಡರಿಗೆ, ಮೊಬೈಲ್ ಪರದೆಯ ಹಾಗೆ ಮುಟ್ಟಿದರೆ ಸಾಕು ಅನ್ನುವ ಗಾಜಿನ ಫಲಕ. ಆಗಿನ್ನೂ ಎಲ್ಲರ ಫೋನುಗಳಿಂದ ಗುಂಡಿಗಳು ಉದುರಿಹೋಗಿ ಕೆಲವೇ ವರ್ಷ. ಜಗತ್ತಿನ ಸಕಲ ವಸ್ತುವನ್ನೂ ಗಾಜು ಮಾಡಿದರೆ ಪ್ರಗತಿ ಎಂಬ ನಂಬಿಕೆ ಆಸ್ಟಿನ್‌ನಿಂದ ಡಲ್ಲಾಸ್‌ವರೆಗೆ ಹಬ್ಬಿತ್ತು. ದೇವರನ್ನು ನಂಬದ ನಾನು ಇದನ್ನು ಮಾತ್ರ ಭಕ್ತಿಯಿಂದ ನಂಬಿದ್ದೆ.

ಗಾಜಿನ ಕೆಳಗೆ ಏನಿರುತ್ತದೆ ಎಂದು ಮೊದಲ ದಿನ ಅಂಕಲ್ ತೋರಿಸಿದರು. ನಾಲ್ಕು ತಾಮ್ರದ ಬಿಲ್ಲೆಗಳು, ಅಷ್ಟೇ. ಒಂದೊಂದು ಬಿಲ್ಲೆಯೂ ಸುತ್ತಲಿನದರ ಜೊತೆ ಸೇರಿ ಒಂದು ಚೂರು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಬೆರಳು ಬಂದರೆ ಇನ್ನೊಂದು ಚೂರು ಹೆಚ್ಚು ಹಿಡಿಯುತ್ತದೆ. ನಮ್ಮ ಮೈಯೆಂಬುದು ಉಪ್ಪುನೀರಿನ ಚೀಲ ತಾನೇ. ಒಳಗಿನ ಚಿಪ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತ ಕೂತಿರುತ್ತದೆ. ನೀವು ಎಷ್ಟು ಜೋರಾಗಿ ಒತ್ತಿದಿರಿ, ಎಷ್ಟು ಸಿಟ್ಟಿನಲ್ಲಿ ಒತ್ತಿದಿರಿ ಎಂಬುದು ಅದಕ್ಕೆ ಬೇಕಾಗಿಲ್ಲ. ಗೊತ್ತಿರುವುದು ಒಂದೇ: ಯಾರೂ ಮುಟ್ಟದೇ ಇದ್ದಾಗ ಎಷ್ಟಿತ್ತು, ಈಗ ಎಷ್ಟಾಯಿತು.

ಹಾಗಾಗಿ ಬೆರಳನ್ನು ಗುರುತಿಸುವುದು ದೊಡ್ಡ ವಿದ್ಯೆಯಲ್ಲ. ಬೆರಳು ಇಲ್ಲದಿರುವುದು ಹೇಗಿರುತ್ತದೆ ಎಂದು ಸರಿಯಾಗಿ ತಿಳಿದಿರುವುದೇ ವಿದ್ಯೆ. ಆ ಲೆಕ್ಕಕ್ಕೆ ಅಂಕಲ್ ನೆಲಮಟ್ಟ ಎನ್ನುತ್ತಿದ್ದರು. ಪ್ಲಗ್ ಹಾಕಿದ ಕ್ಷಣ ಚಿಪ್ ಒಮ್ಮೆ ಕಣ್ಣುಬಿಟ್ಟು, ಕಂಡದ್ದನ್ನೇ ನೆಲಮಟ್ಟ ಅಂದುಕೊಳ್ಳುತ್ತದೆ. ಆಮೇಲೆ ಎಸಿ ಹಾಕಿದರೆ, ಸೆಕೆ ಏರಿದರೆ, ಗಾಳಿ ತೇವವಾದರೆ ಅದರ ಜೊತೆ ತಾನೂ ಮೆಲ್ಲಗೆ ಏರುತ್ತ ಇಳಿಯುತ್ತ ಹೋಗುತ್ತದೆ. ನೆಲಮಟ್ಟದಿಂದ ಇಂತಿಷ್ಟು ಮೇಲೆ ಹಾರಿದರೆ ಬೆರಳು. ಆದರೂ ಒಂದು ಸಲ ಹಾರಿದ್ದನ್ನು ನಂಬುವುದಿಲ್ಲ, ಸಾಲಾಗಿ ನಾಲ್ಕು ಸಲ ಹಾರಬೇಕು. ಬೆರಳು ಹೋಯಿತು ಅನ್ನಲು ಅಳತೆ ಅದಕ್ಕಿಂತ ಕೆಳಗಿನ ಇನ್ನೊಂದು ಗೆರೆಯ ತನಕ ಇಳಿಯಬೇಕು, ಇಲ್ಲವಾದರೆ ನಡುಗುವ ಕೈ ಒಮ್ಮೆ ಮುಟ್ಟಿದ್ದು ಹತ್ತು ಸಲವಾಗುತ್ತದೆ. ಅಕ್ಕಪಕ್ಕದ ಎರಡು ಗುಂಡಿ ಒಟ್ಟಿಗೆ ಎದ್ದರೆ ಹೆಚ್ಚು ಎದ್ದದ್ದೇ ಸರಿ.

ನಾಲ್ಕು ಸಲ ಕೇಳಿಸಿಕೊಂಡು ಆಮೇಲೆ ನಂಬುವ ಯಂತ್ರ! ನಮ್ಮ ನೆಂಟರಲ್ಲಿ ಅಂಥವರು ಒಬ್ಬರೂ ಇಲ್ಲ. ನಾನು ಪ್ರೀತಿಯಿಂದಲೇ ಕೋಡ್ ಬರೆದೆ. ಜುಲೈ ಕೊನೆಯಲ್ಲಿ ಅಂಕಲ್ ಬಂದು, ಕಾಫಿ ಲೋಟ ನನ್ನ ಮೇಜಿನ ಮೇಲಿಟ್ಟು, ಓದಿ ನೋಡಿದರು.

"ಇನ್ನೊಂದು ಸೇರಿಸಮ್ಮ. ಅಳತೆ ನೆಲಮಟ್ಟಕ್ಕಿಂತ ತುಂಬ ಕೆಳಗೆ ಬಿದ್ದು ಅಲ್ಲೇ ನಿಂತರೆ, ಅದನ್ನೇ ಹೊಸ ನೆಲಮಟ್ಟ ಮಾಡ್ಕೊಂಡುಬಿಡಬೇಕು."

"ಕೆಳಗೆ ಯಾಕೆ ಬೀಳುತ್ತೆ ಅಂಕಲ್?"

"ಬೀಳುತ್ತೆ."

"ಯಾಕೆ ಅಂತ ಕೇಳಿದ್ದು."

"ಏನೋ ಒಂದು ಆಗಿ ಬೀಳುತ್ತಮ್ಮ. ನಾನು ನೋಡಿದೀನಿ."

'ನಾನು ನೋಡಿದೀನಿ' ಎಂಬ ಸಾಕ್ಷ್ಯವನ್ನು ಎದುರಾಳಿ ಹೇಳಲಿ ಎಂದು ಚರ್ಚಾಪಟುಗಳು ಹರಕೆ ಹೊರುತ್ತಾರೆ. ನಾನು ಕುರ್ಚಿ ತಿರುಗಿಸಿದೆ. ಒಂದನೆಯದಾಗಿ, ಯಾರೂ ಮುಟ್ಟದಿರುವುದೇ ನೆಲಮಟ್ಟ ಆದಮೇಲೆ, ಮುಟ್ಟದಿರುವುದಕ್ಕಿಂತ ಕಡಿಮೆ ಮುಟ್ಟುವುದು ಹೇಗೆ? ಎರಡನೆಯದಾಗಿ, ಹಾಗೆ ಬಿದ್ದರೆ ಅದು ಅಳತೆಯೊಳಗಿನ ಬರೀ ಗದ್ದಲ, ಗದ್ದಲವನ್ನು ಕಡೆಗಣಿಸಬೇಕೇ ಹೊರತು ಅದಕ್ಕೆ ಪಟ್ಟ ಕಟ್ಟಬಾರದು. ಮೂರನೆಯದಾಗಿ... ಮೂರನೆಯದು ಈಗ ನೆನಪಿಲ್ಲ, ಆದರೆ ಬಹಳ ಚೆನ್ನಾಗಿತ್ತು. ಅಂಕಲ್ ಎರಡು ಸಲ ಬಾಯಿ ತೆರೆದರು. ನಾನು ಅಷ್ಟರಲ್ಲಿ ಮುಂದಿನ ಪಾಯಿಂಟಿಗೆ ಹೋಗಿದ್ದೆ. ಅವರು ಲೋಟ ಎತ್ತಿಕೊಂಡು, "ಸರಿ, ನಿನ್ನಿಷ್ಟ," ಎಂದು ಒಳಗೆ ಹೋದರು. ನಾನು ಗೆದ್ದೆ. ಆ ದಿನದ ಕೋಡಿನಲ್ಲಿ ಹೀಗಿತ್ತು: ಅಳತೆ ಏಕಾಏಕಿ ಕೆಳಗೆ ಬಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ನೆಲಮಟ್ಟ ಅಲುಗಾಡಿಸಬೇಡ.

ಈ ಗ್ರೈಂಡರನ್ನು ಮೊದಲು ಬಳಸಬೇಕಾಗಿದ್ದವರು ಹ್ಯೂಸ್ಟನ್‌ನ ಒಬ್ಬ ಆಂಟಿ. ಅಲ್ಲಿನ ಸಾಲು ಅಂಗಡಿಗಳ ಒಂದು ಸ್ಟ್ರಿಪ್ ಮಾಲ್‌ನ ಹಿಂಬದಿಯಲ್ಲಿ ಅಡುಗೆಮನೆ ಬಾಡಿಗೆಗೆ ಹಿಡಿದು, ದೋಸೆಹಿಟ್ಟು ರುಬ್ಬಿ ಊರಿನ ಇಂಡಿಯನ್ ಅಂಗಡಿಗಳಿಗೆಲ್ಲ ಕಳಿಸುತ್ತಿದ್ದರು. ಸಂಧಿವಾತ ಬಂದು ಅವರ ಬೆರಳುಗಳು ಸೊಟ್ಟಗಾಗಿದ್ದವು. ಹಿಟ್ಟಿನ ಹದ ನೋಡಲು, ಉಪ್ಪು ಹಾಕಲು ಏನೂ ತೊಂದರೆ ಇಲ್ಲ. ಆದರೆ ಹಳೆಯ ಗ್ರೈಂಡರಿನ ಕಬ್ಬಿಣದಂಥ ಗುಂಡಿಯನ್ನು ತಿರುಗಿಸಲು ಆಗುತ್ತಿರಲಿಲ್ಲ. ಪ್ರತಿ ಸಲವೂ ಯಜಮಾನರನ್ನು ಕರೆಯಬೇಕು. ರಿಟೈರ್ ಆಗಿದ್ದ ಅವರು ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಬರುತ್ತಿದ್ದರು, ತಿರುಗಿಸುತ್ತಿದ್ದರು, ಜೊತೆಗೆ ಒಂದು ಮಾತು ಇಟ್ಟು ಹೋಗುತ್ತಿದ್ದರು: "ಈ ವಯಸ್ಸಿಗೆ ಇದೆಲ್ಲ ಬೇಕಾ ನಿನಗೆ?"

"ದಿನಕ್ಕೆ ಹದಿನೈದು ಸಲ ಗುಂಡಿ, ಹದಿನೈದು ಸಲ ಉಪದೇಶ," ಎಂದು ಆಂಟಿ ನನಗೆ ಹೇಳಿದ್ದರು. "ಗುಂಡಿ ನಾನೇ ಹಾಕೋ ಹಾಗಾದ್ರೆ ಅಡುಗೆಮನೆ ಇಟ್ಕೋತೀನಿ. ಇಲ್ಲಾಂದ್ರೆ ಮುಚ್ಚಿ ಮನೇಲಿ ಕೂತ್ಕೋತೀನಿ. ಉಪದೇಶ ಅಲ್ಲೂ ಸಿಗುತ್ತೆ, ಕಡೇಪಕ್ಷ ಸೋಫಾ ಇರುತ್ತೆ."

ಮೊದಲ ಮಾದರಿಯನ್ನು ಆಗಸ್ಟಿನಲ್ಲೇ ಅಲ್ಲಿಟ್ಟಿದ್ದೆವು. ಹಿಟ್ಟು ಸಿಡಿದು ಗಾಜಿನ ಮೇಲೆ ಹರಡಿದ ಕೂಡಲೇ ಅದು ತನ್ನಷ್ಟಕ್ಕೆ ತಿರುಗತೊಡಗಿತು. ಆಂಟಿ ಫೋನ್ ಮಾಡಿ, "ನಿನ್ನ ಮಿಷಿನ್‌ಗೆ ಯಾರೂ ಕೇಳದೇ ಇದ್ರೂ ಶುರು ಹಚ್ಕೊಳ್ಳೋ ಚಾಳಿ ಕಣೇ. ಯಾರನ್ನ ನೋಡಿ ಕಲಿತಿದೆ ಅಂತ ನಾನು ಹೇಳಲ್ಲ," ಅಂದರು. ನಾಲ್ಕು ಗುಂಡಿಯೂ ಒಟ್ಟಿಗೆ ಎದ್ದರೆ ಅದು ಹಿಟ್ಟು ಅಥವಾ ನೀರು, ಕೈಯಲ್ಲ, ಆಗ ಸುಮ್ಮನಿರು ಎಂದು ಕೋಡಿಗೆ ಕಲಿಸಿದೆ. ಆಮೇಲೆ ಸರಿಯಾಯಿತು. ಅಂದಿನಿಂದ ಆಂಟಿ ನನ್ನನ್ನು ಲಾಯರಮ್ಮ ಎಂದೇ ಕರೆದರು.

ಸೆಮಿಸ್ಟರ್ ಶುರುವಾಗಿ ನಾನು ಆಸ್ಟಿನ್‌ಗೆ ಮರಳಿ, ಫ್ಲೂಗರ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು ಕೆಲಸ ಮುಂದುವರಿಸಿದೆ. ಅಕ್ಟೋಬರಿನಲ್ಲಿ ಹೊಸ ಗ್ರೈಂಡರ್ ಹ್ಯೂಸ್ಟನ್ ತಲುಪಿತು. ಅದೇ ಹೊತ್ತಿಗೆ ಅಡುಗೆಮನೆಯ ಕರಾರೂ ಮುಗಿಯುತ್ತಿತ್ತು. ಮುಂದುವರಿಸುತ್ತೀರೋ ಖಾಲಿ ಮಾಡುತ್ತೀರೋ, ಶುಕ್ರವಾರ ಸಂಜೆ ಐದರೊಳಗೆ ಹೇಳಿ ಎಂದು ಜಾಗದ ಮಾಲೀಕ ಆಂಟಿಗೆ ಗಡುವು ಕೊಟ್ಟಿದ್ದ. ಆ ಶುಕ್ರವಾರ ವಿಜಯದಶಮಿ ಎಂದು ಪಾಪ ಅವನಿಗೇನು ಗೊತ್ತು. ನಾನು ಕ್ಲಾಸ್ ಬಿಟ್ಟು ಬೆಳಗಿನ ಬಸ್ ಹತ್ತಿದೆ.

ಮಧ್ಯಾಹ್ನ ಒಂದೂವರೆಗೆ ಅಡುಗೆಮನೆ ಬಾಗಿಲು ತೆಗೆದರೆ ಗ್ರೈಂಡರ್ ಓಡುತ್ತಿತ್ತು. ಚೆಂಡುಹೂವಿನ ಹಾರ ಹಾಕಿಕೊಂಡು ಓಡುತ್ತಿತ್ತು. ಹಿಂದಿನ ದಿನ ಆಯುಧಪೂಜೆ. ಉಪಕರಣಗಳಿಗೆ ಅಂದು ರಜೆ ಎಂದು ಆಂಟಿ ಯಜಮಾನರ ಕೈಲಿ ಪ್ಲಗ್ ಕೀಳಿಸಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, ಕಲಸಿದ ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಪ್ಲಗ್ ಹಾಕಿಸಿದ್ದರು. ಎಲ್ಲಿ ಹಚ್ಚಿದ್ದರು ಅಂತೀರಾ? ಸ್ಟಾರ್ಟ್ ಗುಂಡಿಯ ಮೇಲೆ. ಶಕ್ತಿ ಇರುವುದು ಅಲ್ಲೇ ತಾನೇ. ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ದಪ್ಪಗೆ, ಒದ್ದೆಯಾಗಿ. ಬೆಳಗಿನಿಂದ ಆ ಕುಂಕುಮದ ಮೇಲೆಯೇ ಬೆರಳಿಟ್ಟು ಮೂರು ಸಲ ರುಬ್ಬಿದ್ದರು. ಬೆರಳ ತುದಿ ಕೆಂಪಾಗಿತ್ತು.

"ನೋಡೇ ಲಾಯರಮ್ಮ, ಒಂದು ಸಲಾನೂ ಇವರನ್ನ ಕರೆದಿಲ್ಲ," ಎಂದರು. ಅವರ ಮುಖದಲ್ಲಿದ್ದ ಸಂತೋಷ ಅಲ್ಲಿಗೇ ಬಿಟ್ಟಿದ್ದರೆ ಏನಾಗುತ್ತಿತ್ತು! ಆದರೆ ಬಿಡುವುದು ನನ್ನ ತರಬೇತಿಯಲ್ಲಿರಲಿಲ್ಲ.

"ಆಂಟಿ, ಇದನ್ನ ಒರೆಸಬೇಕು."

"ಇವತ್ತು ಒರೆಸಬಾರದು ಕಣೇ."

"ಸೆನ್ಸರ್ ಮೇಲೆ ಮಣ್ಣು ಮೆತ್ತಿ ಟೆಸ್ಟ್ ಮಾಡಿದ್ರೆ ಅದು ಟೆಸ್ಟೇ ಅಲ್ಲ."

"ಮಣ್ಣಲ್ಲ ಅದು."

"ಗಾಜಿಗೆ ಎರಡೂ ಒಂದೇ. ಅದಕ್ಕೆ ಭಕ್ತಿ ಇಲ್ಲ."

ಹಿಟ್ಟು ಡಬ್ಬಗಳಿಗೆ ತುಂಬುತ್ತಿದ್ದ ಧಾರವಾಡದ ಕಡೆಯ ಅಕ್ಕ ಒಬ್ಬರಿದ್ದರು, ಆಂಟಿಯ ಜೊತೆ ಬಹಳ ದಿನದಿಂದ ಕೆಲಸ ಮಾಡುವವರು. "ಓಡಾಕತ್ತದಲ್ರೀ, ಇರಲಿ ಬಿಡ್ರಿ," ಎಂದರು. ಓಡುತ್ತಿದೆ ಎಂಬುದು ಸರಿಯಿದೆ ಎಂಬುದಕ್ಕೆ ಹೇಗೆ ಪುರಾವೆಯಲ್ಲ ಎಂದು ಅವರಿಗೆ ನಾನು ವಿವರಿಸಿದೆ. ಆಂಟಿಯ ಕಡೆ ತಿರುಗಿ, ಕುಂಕುಮದ ದೆಸೆಯಿಂದ ಓಡುತ್ತಿದೆ ಎಂದು ನೀವು ಒಳಗೊಳಗೇ ನಂಬಿದ್ದೀರಿ, ಅದನ್ನು ಪರೀಕ್ಷಿಸುವ ಧೈರ್ಯ ನಿಮಗಿಲ್ಲ ಎಂದೂ ಸೇರಿಸಿದೆ. ಆಂಟಿ ಸುಮ್ಮನಾದರು. ಸುಮ್ಮನಾದರೆ ನಾನು ಗೆದ್ದ ಹಾಗೆ. ಸ್ಟಾಪ್ ಒತ್ತಿ, ಒಂದು ಟಿಶ್ಯೂ ತೆಗೆದುಕೊಂಡು ಗಾಜನ್ನು ನಾನೇ ಫಳಫಳ ಒರೆಸಿದೆ. "ಈಗ ಒತ್ತಿ ಆಂಟಿ."

ಆಂಟಿ ಒತ್ತಿದರು. ಏನೂ ಇಲ್ಲ.

ನಾನು ಒತ್ತಿದೆ. ಏನೂ ಇಲ್ಲ. ಅಕ್ಕ ಕೈತೊಳೆದು ಬಂದು ಒತ್ತಿದರು. ಯಜಮಾನರು ಪೇಪರ್ ಮಡಚಿ ಬಂದು ನಾಲ್ಕು ಬೆರಳಿಟ್ಟು ಒತ್ತಿದರು. ಸ್ಟಾರ್ಟ್ ಗುಂಡಿ ಸತ್ತುಹೋಗಿತ್ತು.

"ಕುಂಕುಮ ಇದ್ದಾಗ ಓಡ್ತಿತ್ತು," ಎಂದರು ಆಂಟಿ ಮೆಲ್ಲಗೆ. "ನೀನು ಒರೆಸಿದೆ. ನಿಂತುಹೋಯ್ತು."

"ಪರೀಕ್ಷೆ ಆತಲ್ರೀ," ಎಂದರು ಅಕ್ಕ.

ನನ್ನ ಜೀವಮಾನದಲ್ಲಿ ನನ್ನ ವಿರುದ್ಧ ಅಷ್ಟು ಶುದ್ಧವಾದ ಪ್ರಯೋಗ ಯಾರೂ ಮಾಡಿರಲಿಲ್ಲ, ಮಾಡಿದವಳೂ ನಾನೇ. ಕಾಕತಾಳೀಯ ಎಂದೆ. ಗಾಜು ಬಿರುಕು ಬಿಟ್ಟಿರಬೇಕು ಎಂದೆ. ಆಂಟಿಯ ಬೆರಳು ಒಣಗಿದೆ ಎಂದೂ ಹೇಳಿದೆ, ಅದು ಹೇಳಬಾರದಿತ್ತು. ಅವರು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಸೇರಿಸಿದರು. ಯಜಮಾನರು ಗೋಡೆ ಗಡಿಯಾರ ನೋಡಿ, "ಮಾಲೀಕನಿಗೆ ಏನು ಹೇಳಬೇಕು ಅಂತ ಯೋಚನೆ ಮಾಡು," ಎಂದರು. ಎರಡು ಗಂಟೆ.

ಫಾರ್ಮರ್ಸ್ ಬ್ರಾಂಚ್‌ಗೆ ಫೋನ್ ಮಾಡಿದೆ. ಬಿಲ್ಲೆ ಸರಿಯಾಗಿ ಅಂಟಿಲ್ಲ, ಗಾಜಿನ ಬ್ಯಾಚ್ ಸರಿಯಿಲ್ಲ, ಹ್ಯೂಸ್ಟನ್‌ನ ತೇವ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಎಂದು ಅಂಕಲ್‌ಗೆ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಕಾಫಿ ಹೀರುವ ಸದ್ದು.

"ಮುಗೀತಾ?" ಎಂದರು ಅಂಕಲ್. "ಪ್ಲಗ್ ಕಿತ್ತು ಮತ್ತೆ ಹಾಕು."

ಯಜಮಾನರು ಮೇಜಿನಡಿ ಬಗ್ಗಿ ಪ್ಲಗ್ ಕಿತ್ತು ಮತ್ತೆ ಹಾಕಿದರು. ಒತ್ತಿದೆ. ಗರ್ರ್ ಎಂದು ಓಡಿತು.

ಫೋನ್ ಕಿವಿಯಲ್ಲಿಟ್ಟುಕೊಂಡೇ ನನಗೆ ಎಲ್ಲ ಹೊಳೆಯಿತು. ಪ್ಲಗ್ ಹಾಕಿದಾಗ ಗಾಜಿನ ಮೇಲೆ ಒದ್ದೆ ಕುಂಕುಮ ಇತ್ತು. ಚಿಪ್ ಅದನ್ನೇ ನೋಡಿ, ಯಾರೂ ಮುಟ್ಟದಿರುವುದು ಅಂದರೆ ಇದೇ ಅಂದುಕೊಂಡಿತು. ಅದರ ಮೇಲೆ ಬೆರಳು ಬಂದಾಗ ಇನ್ನೂ ಮೇಲಕ್ಕೆ ಹಾರಿ ಸರಿಯಾಗಿ ಗುರುತಿಸಿತು. ನಾನು ಒರೆಸಿದ ಕೂಡಲೇ ಅಳತೆ ಧೊಪ್ಪನೆ ಕೆಳಗೆ ಬಿತ್ತು. ಈಗ ಬೆರಳಿಟ್ಟರೆ ಅದು ಹಳೆಯ ನೆಲಮಟ್ಟದ ಹತ್ತಿರಕ್ಕೆ ಬರುತ್ತಿತ್ತು, ಅಷ್ಟೇ. ಕೆಳಗೆ ಬಿದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಕಲಿಸಿದವಳು ನಾನು. ಮುಟ್ಟದಿರುವುದಕ್ಕಿಂತ ಕಡಿಮೆ ಮುಟ್ಟುವುದು ಹೇಗೆ ಅಂತ ಕೇಳಿದ್ದೆನಲ್ಲ. ಹೀಗೆ.

"ಅಂಕಲ್, ಇದು ನಿಮಗೆ ಹೇಗೆ ಗೊತ್ತಿತ್ತು?"

"ಮೈಕ್ರೊವೇವ್ ಮಾಡ್ತಿದ್ದಾಗ ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸ್ತಿದ್ವಿ, ಗೀರಬಾರದು ಅಂತ. ಜನ ಮೊದಲು ಪ್ಲಗ್ ಹಾಕೋರು, ಆಮೇಲೆ ಹಾಳೆ ಕೀಳೋರು. ಗುಂಡಿ ಸತ್ತೋಗೋದು."

"ಅವತ್ತೇ ಇದನ್ನ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ತೆಗೆದೆ. ನೀನು ಎರಡನೇ ಪಾಯಿಂಟ್‌ನಲ್ಲಿದ್ದೆ. ಸರಿ ಮುಗೀಲಿ ಅಂತ ಕಾದೆ. ಮೂರನೇದು ಶುರುವಾಯ್ತು. ಕಾಫಿ ಆರೋಗ್ತಿತ್ತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಫೋನ್ ಇಟ್ಟು, ಅಡುಗೆಮನೆಗೆ ತಿರುಗಿ, ಎಲ್ಲ ಸರಿಹೋಯಿತು, ಮುಂದೆ ಹೀಗಾದರೆ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸಾಕು ಎಂದು ಘೋಷಿಸಿದೆ. ಆಂಟಿ ಮೇಜಿನ ಹಿಂದೆ, ಗೋಡೆಗೆ ಒತ್ತಿ ಕೂತಿದ್ದ ಆ ದಪ್ಪ ಪ್ಲಗ್ಗನ್ನು ನೋಡಿದರು.

"ಪ್ಲಗ್ ಕೀಳೋಕೆ ಇವರನ್ನೇ ಕರೀಬೇಕಲ್ಲೇ. ಹಾಗಿದ್ರೆ ಹಳೇ ಗುಂಡಿ ಏನು ತಪ್ಪು ಮಾಡಿತ್ತು?"

ಒಂದೇ ಪಾಯಿಂಟ್. ಎರಡನೆಯದು ಅವರಿಗೆ ಬೇಕಾಗಿರಲಿಲ್ಲ. ನಾನು ಹಿಟ್ಟಿನ ಡಬ್ಬಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದೆ.

ಜುಲೈನಲ್ಲಿ ಅಂಕಲ್ ಹೇಳಿದ್ದನ್ನು ಬರೆಯಲು ಹನ್ನೊಂದು ಸಾಲು ಸಾಕಾಯಿತು. ಬೇಡ ಎಂದು ವಾದಿಸಲು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದೆ. ಕೇಬಲ್ ಸಿಕ್ಕಿಸಿ ಹೊಸ ಕೋಡ್ ತುಂಬಿಸಿದೆ. ಆಂಟಿ ಮತ್ತೆ ಕುಂಕುಮ ಹಚ್ಚಿದರು, ಯಜಮಾನರು ಪ್ಲಗ್ ಹಾಕಿದರು. ಈ ಸಲ ಒರೆಸುವ ಅಧಿಕಾರ ನನಗಿರಲಿಲ್ಲ. ಆಂಟಿಯೇ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದರು, ಯಾರೂ ಮುಟ್ಟುವ ಮೊದಲೇ ಗ್ರೈಂಡರ್ ತಾನಾಗಿ ಗರ್ರ್ ಎಂದಿತು. ಅಕ್ಕ "ಅಯ್ಯಯ್ಯೋ, ಇದಕ ಜೀವ ಬಂತ್ರೀ!" ಎಂದು ಡಬ್ಬ ಹಿಡಿದು ಬಾಗಿಲಿಗೆ ಓಡಿದರು.

ಅವಸರ ನನ್ನದೇ. ಅಳತೆ ಕೆಳಗೆ ಬಿದ್ದ ಆ ಕ್ಷಣವೇ ನೆಲಮಟ್ಟ ಇಳಿಸು ಎಂದು ಬರೆದಿದ್ದೆ. ಬಟ್ಟೆ ಎಳೆದಾಗ ಅಳತೆ ಒಮ್ಮೆ ಕುಸಿದು ಮೇಲೆದ್ದಿತ್ತು. ಅಷ್ಟರಲ್ಲಿ ನೆಲಮಟ್ಟ ಇಳಿದಾಗಿತ್ತು, ಆಮೇಲಿನ ಬರಿಯ ಗಾಜೇ ಅದಕ್ಕೆ ಬೆರಳಿನಂತೆ ಕಂಡಿತು. ಬಿದ್ದು ಅಲ್ಲೇ ನಿಂತರೆ, ಎಂದು ಅಂಕಲ್ ಹೇಳಿದ್ದರು. ಆ 'ನಿಂತರೆ' ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಅರ್ಧ ಸೆಕೆಂಡು ಕಾದು ನೋಡು ಎಂದು ಬದಲಿಸಿದೆ. ಕುಂಕುಮ, ಪ್ಲಗ್, ಬಟ್ಟೆ. ಎಲ್ಲರೂ ಗ್ರೈಂಡರನ್ನೇ ನೋಡಿದೆವು. ಅದು ತೆಪ್ಪಗೆ ಕೂತಿತ್ತು.

"ಒತ್ತಿ ಆಂಟಿ."

ಆಂಟಿ ಬಟ್ಟೆ ಪಕ್ಕಕ್ಕಿಟ್ಟು, ಸೊಟ್ಟಗಾದ ತೋರುಬೆರಳಿನ ಗೆಣ್ಣನ್ನು ಗಾಜಿಗೆ ತಾಗಿಸಿದರು. ಓಡಿತು. ನಿಲ್ಲಿಸಿದರು. ಮತ್ತೆ ಓಡಿಸಿದರು. ಹಿಟ್ಟು ಬಳಿದು ಒತ್ತಿದರು, ಬಳಿದದ್ದನ್ನು ಒರೆಸಿ ಒತ್ತಿದರು. ನನ್ನ ಪ್ರೊಫೆಸರ್ ಕೂಡ ನನ್ನ ಕೆಲಸವನ್ನು ಅಷ್ಟು ಅಪನಂಬಿಕೆಯಿಂದ ಪರೀಕ್ಷಿಸಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಗ್ರೈಂಡರ್ ಶುರುವಾದಾಗ ಮುಂದಿನ ಕೋಣೆಗೆ ಮರಳಿದ್ದ ಯಜಮಾನರು ಅಭ್ಯಾಸಬಲದಿಂದ ಎದ್ದು ಬಾಗಿಲಲ್ಲಿ ನಿಂತರು, ಮಾತು ನಾಲಿಗೆಯ ಮೇಲೇ ಇತ್ತು.

"ನಾನು ಕರೀಲಿಲ್ವಲ್ಲ," ಎಂದರು ಆಂಟಿ. "ನೀವು ಪೇಪರ್ ಓದಿ."

ನಾಲ್ಕೂ ನಲವತ್ತಕ್ಕೆ ಮಾಲೀಕನಿಗೆ ಫೋನ್ ಮಾಡಿ, ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು: ಇರುತ್ತೇನೆ, ಹಿಂದುಗಡೆಯ ಸಿಂಕ್ ಸೋರುತ್ತಿದೆ, ಮೊದಲು ಅದನ್ನು ಸರಿಮಾಡಿಸು. ಫೋನಿಟ್ಟು, ಕುಂಕುಮದ ಬಟ್ಟಲು ಎತ್ತಿಕೊಂಡು ಮತ್ತೆ ಗ್ರೈಂಡರಿನ ಮುಂದೆ ಬಂದರು.

"ಈಗ ಹಚ್ಚಿದ್ರೂ ಓಡುತ್ತೆ, ಒರೆಸಿದ್ರೂ ಓಡುತ್ತೆ ತಾನೇ?"

"ಹೌದು."

"ಹಾಗಿದ್ರೆ ಹಚ್ತೀನಿ." ಬೆರಳು ಬಟ್ಟಲಿಗೆ ಅದ್ದಿ, ನನ್ನ ಕಡೆ ತಿರುಗಿದರು. "ಏನು ಲಾಯರಮ್ಮ, ಆಕ್ಷೇಪಣೆ ಏನಾದ್ರೂ ಇದೆಯಾ?"

ಇತ್ತು. ಮೂರು ಪಾಯಿಂಟ್ ಇದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

"ಒಂಚೂರು ಕಮ್ಮಿ ಹಚ್ಚಿ," ಎಂದೆ.

"ಯಾಕೆ?"

"ನಾನು ನೋಡಿದೀನಿ ಆಂಟಿ."